ಕಾಲಡಿಯ ಡಬ್ಬಿ

ನಮ್ಮ ಮನೆಗೆ ಒಂದು ದೋಣಿ ಇದೆ ಎಂದರೆ ಕೇಳಿದವರು ಸಂತೋಷಪಡುತ್ತಾರೆ. ಅದರ ಎಂಜಿನ್ ಬಿಚ್ಚಿ ಜೋಡಿಸುವವಳು ನಾನೇ ಎಂದರೆ ಮಾತ್ರ ಅವರ ಮುಖ ಸಣ್ಣದಾಗುತ್ತದೆ. "ಯಾಕೆ ಟೀಚರ್, ಮನೆಯಲ್ಲಿ ಗಂಡಸರು ಯಾರೂ ಇಲ್ಲವೆ?" ಎಂದು ಕೇಳಿದವರೂ ಇದ್ದಾರೆ. ಇಲ್ಲದೆ ಏನು? ಯಜಮಾನರಿದ್ದಾರೆ, ಅಣ್ಣ ಇದ್ದಾನೆ, ಅಣ್ಣನ ಮಗನಿದ್ದಾನೆ. ದೇವರ ದಯದಿಂದ ಎಲ್ಲರೂ ಗಟ್ಟಿಮುಟ್ಟಾಗಿಯೇ ಇದ್ದಾರೆ. ಆದರೂ ಸ್ಪ್ಯಾನರ್ ನನ್ನ ಕೈಯಲ್ಲಿದೆ, ಅಲ್ಲಿಯೇ ಇರಬೇಕು ಎಂಬುದು ನನ್ನ ವಾದ.

ದೋಣಿಯನ್ನು ನಮ್ಮ ಅಪ್ಪ ಕೊಂಡದ್ದು 1988ರಲ್ಲಿ. ಹದಿನೆಂಟಡಿ ಉದ್ದದ ಫೈಬರ್ ದೋಣಿ, ಹಿಂದೆ ತೂಗುಹಾಕುವ ಎಂಟು ಅಶ್ವಶಕ್ತಿಯ ಎಂಜಿನ್. ಶರಾವತಿಯ ನಡುವಿನ ಕುರ್ವೆಯಿಂದ ಹೊನ್ನಾವರಕ್ಕೆ ತೆಂಗಿನಕಾಯಿ ತರುವುದಕ್ಕೆಂದು ಕೊಂಡದ್ದು. ಭಾನುವಾರ ಮಾತ್ರ ಅದು ನಮ್ಮದಾಗುತ್ತಿತ್ತು. ಬುತ್ತಿ ಕಟ್ಟಿಕೊಂಡು, ಕಾಂಡ್ಲಾ ಗಿಡಗಳ ನೆರಳಿನಲ್ಲಿ ನಿಧಾನವಾಗಿ ಹೋಗುವ ಸುಖವೇ ಸುಖ. ಅಪ್ಪ ಹಿಂದೆ ಎಂಜಿನ್ ಹಿಡಿಯುವರು, ಅಣ್ಣ ಮುಂದೆ ನಿಂತು ದಾರಿ ನೋಡುವನು. ನಾವು ಹೆಂಗಸರು ನಡುವೆ ಕೂರುವುದು. ನಡುವೆ ಕೂತರೆ ದೋಣಿ ವಾಲುವುದಿಲ್ಲವಂತೆ. ನಲವತ್ತು ದಾಟುವವರೆಗೆ ಆ ದೋಣಿಯಲ್ಲಿ ನನಗಿದ್ದ ಉದ್ಯೋಗ ಅಷ್ಟೇ, ತೂಕ.

2011ರ ನವೆಂಬರಿನ ಒಂದು ಸಂಜೆ ಈ ತೂಕದ ಬೆಲೆ ತಿಳಿಯಿತು. ಅಪ್ಪ ತೀರಿಕೊಂಡಿದ್ದರು, ಅಣ್ಣ ಬೆಂಗಳೂರಿಗೆ ಹೋಗಿದ್ದ. ಅಣ್ಣನ ಮಗನಿಗೆ ಹದಿನೇಳು ವರ್ಷ, ಅವನೇ ಎಂಜಿನ್ ಹಿಡಿದ. ಅತ್ತಿಗೆ, ನಾನು, ಮೂವರು ಮಕ್ಕಳು. ಹಿಂದಿರುಗುವಾಗ ಪ್ರೊಪೆಲ್ಲರ್ ನೀರಿನಡಿಯ ಯಾವುದೋ ಬೊಡ್ಡೆಗೆ ಬಡಿಯಿತು. ಎಂಜಿನ್ ಜೋರಾಗಿ ಕೂಗುತ್ತಿದೆ, ದೋಣಿ ಮಾತ್ರ ಹೋಗುತ್ತಿಲ್ಲ. ನೀರು ಇಳಿತದಲ್ಲಿತ್ತು. ಹೊಳೆ ನಮ್ಮನ್ನು ಮೆಲ್ಲಗೆ ಅಳಿವೆಯ ಕಡೆಗೆ, ಸಮುದ್ರದ ಅಲೆ ಮುರಿಯುವ ಕಡೆಗೆ ಎಳೆಯತೊಡಗಿತು. ಹುಡುಗ ಅಳುವಂತಾದ. ಅತ್ತಿಗೆ ಮುರ್ಡೇಶ್ವರನಿಗೆ ಹರಕೆ ಹೊತ್ತಳು. ನಾನು ಬಿ.ಎ., ಬಿ.ಎಡ್. ಮಾಡಿದವಳು, ಎರಡು ಕೈ ಮಡಿಚಿ ಕೂತಿದ್ದೆ.

ಬಲೆ ಬಿಡಲು ಬಂದಿದ್ದ ಮೀನುಗಾರರು ಹಗ್ಗ ಎಸೆದು ನಮ್ಮನ್ನು ದಡಕ್ಕೆಳೆದರು. ಅವರಲ್ಲೊಬ್ಬ ನಾನು ಕೂತಿದ್ದ ಹಲಗೆಯ ಕೆಳಗಿಂದ ಒಂದು ತಗಡಿನ ಡಬ್ಬಿ ತೆಗೆದ. ಅದರಲ್ಲಿ ಇಕ್ಕಳ, ಸ್ಪ್ಯಾನರ್, ಬೆರಳುದ್ದದ ನಾಲ್ಕು ಲೋಹದ ಕಡ್ಡಿಗಳು. ಹಳೆಯ ಸಣ್ಣ ಎಂಜಿನ್ನುಗಳಲ್ಲಿ ಪ್ರೊಪೆಲ್ಲರಿಗೂ ಅದರ ದಂಡಕ್ಕೂ ನಡುವೆ ಒಂದು ಮೆದು ಪಿನ್ ಇರುತ್ತದೆ. ಏಟು ಬಿದ್ದರೆ ತಾನು ಮುರಿದು, ಒಳಗಿನ ಗೇರನ್ನು ಉಳಿಸುವುದೇ ಅದರ ಕೆಲಸ. (ಮನೆಗಳಲ್ಲಿ ಈ ಪಿನ್ನಿನ ಕೆಲಸ ಯಾರದೆಂದು ಓದುವ ಅಕ್ಕತಂಗಿಯರಿಗೆ ನಾನು ಹೇಳಬೇಕಾಗಿಲ್ಲ.) ಹತ್ತು ನಿಮಿಷದಲ್ಲಿ ಆತ ಹೊಸ ಪಿನ್ ಹಾಕಿ ಕೈ ತೊಳೆದುಕೊಂಡ. ಆರು ಜೀವಗಳನ್ನು ಉಳಿಸುವ ಸಾಮಾನು ಅಷ್ಟು ಹೊತ್ತೂ ನನ್ನ ಕಾಲಡಿಯೇ ಇತ್ತು! ಇಪ್ಪತ್ತಮೂರು ವರ್ಷ ಅದರ ಮೇಲೆ ಕೂತು ಹೋಗಿ ಬಂದವಳಿಗೆ ಅದರಲ್ಲೇನಿದೆಯೆಂದು ಯಾರೂ ಹೇಳಿರಲಿಲ್ಲ. ಅವರ ತಪ್ಪಿಗಿಂತ ನನ್ನ ತಪ್ಪು ದೊಡ್ಡದು. ನಾನು ಕೇಳಿರಲಿಲ್ಲ.

ಮರುವಾರವೇ ಬಂದರಿನ ಮೆಕ್ಯಾನಿಕ್ಕನ ಹತ್ತಿರ ಹೋದೆ. "ನಿಮಗೆಂತಕ್ಕೆ ಟೀಚರ್ ಈ ಉಸಾಬರಿ? ನಾನಿದ್ದೇನಲ್ಲ" ಎಂದ. "ಹೊಳೆಯ ನಡುವೆ ನೀನಿರುವುದಿಲ್ಲವಲ್ಲ ಮಾರಾಯ" ಎಂದೆ. ನಕ್ಕು ಒಳಗೆ ಕರೆದ.

ಕಲಿಯುತ್ತ ಹೋದಂತೆ ನನಗೆ ಸಿಟ್ಟೇ ಬಂತು. ಇದರಲ್ಲಿ ನಮಗೆ ಬಾರದ್ದು ಏನಿತ್ತು? ಎಂಜಿನ್ ಹೊಳೆಯ ನೀರನ್ನೇ ಎಳೆದು ತನ್ನನ್ನು ತಂಪು ಮಾಡಿಕೊಳ್ಳುತ್ತದೆ. ಹಿಂಬದಿಯಿಂದ ಸಣ್ಣ ನೀರಿನ ಎಳೆ ಚಿಮ್ಮುತ್ತಿದ್ದರೆ ಆರೋಗ್ಯ, ನಿಂತರೆ ತಕ್ಷಣ ಬಂದ್ ಮಾಡಬೇಕು. ಉಪ್ಪುನೀರಿನಿಂದ ಬಂದ ಮೇಲೆ ಡ್ರಮ್ಮಿಗೆ ಬಾವಿ ನೀರು ತುಂಬಿ ಅದರಲ್ಲಿ ಹತ್ತು ನಿಮಿಷ ಓಡಿಸಬೇಕು, ಇಲ್ಲವಾದರೆ ಒಳಗೆಲ್ಲ ಉಪ್ಪು ಕಟ್ಟುತ್ತದೆ. ಸಮುದ್ರ ಸ್ನಾನದಿಂದ ಬಂದ ಮಗುವಿಗೆ ಸಿಹಿನೀರು ಹೊಯ್ಯುವುದಿಲ್ಲವೆ ನಾವು? ನಮ್ಮ ಎಂಜಿನ್ನಿಗೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಎಣ್ಣೆ ಬೆರೆಸಬೇಕು. ಅಳತೆ ತಪ್ಪದೆ ಬೆರೆಸುವುದನ್ನು ಅಡುಗೆಮನೆಯವರಿಗೆ ಯಾರು ಕಲಿಸಬೇಕು? ಗೇರಿನ ಎಣ್ಣೆ ಹಾಲಿನಂತೆ ಬೆಳ್ಳಗಾದರೆ ಒಳಗೆ ನೀರು ಹೊಕ್ಕಿದೆ ಎಂದರ್ಥ. ಹಗ್ಗ ಎಳೆದು ಚಾಲೂ ಮಾಡಲು ಗಂಡಸಿನ ತೋಳೇ ಬೇಕೆಂಬುದು ಸುಳ್ಳು. ಹಿಡಿತ ಸಿಗುವವರೆಗೆ ಮೆಲ್ಲಗೆಳೆದು ಆಮೇಲೆ ಒಮ್ಮೆಲೆ ಸೆಳೆಯಬೇಕು. ಬಾವಿಯಿಂದ ನೀರು ಸೇದಿದ ಕೈಗೆ ಅದೊಂದು ಲೆಕ್ಕವೆ?

ಫೈಬರಿನ ಕೆಲಸವಂತೂ ನಮ್ಮದೇ ವಿದ್ಯೆ. ಎಂಜಿನ್ ತೂಗುವ ಹಿಂಬದಿಯಲ್ಲಿ ಫೈಬರಿನ ಒಳಗೆ ಪ್ಲೈವುಡ್ ಇರುತ್ತದೆ. ನೀರು ಹೊಕ್ಕರೆ ಅದು ಹೊರಗೆ ಕಾಣದಂತೆ ಕೊಳೆಯುತ್ತದೆ. ಬಡಿದು ಸದ್ದು ಕೇಳಬೇಕು, ಹಲಸಿನಕಾಯಿ ಬಡಿದು ನೋಡುವ ಹಾಗೆ. ಬಿರುಕಿನ ಜಾಗವನ್ನು ಉಜ್ಜಿ, ಒಣಗಿಸಿ, ಗಾಜಿನ ಎಳೆಯ ಚಾಪೆಯನ್ನು ರೆಸಿನ್ನಿನಲ್ಲಿ ನೆನೆಸಿ ಪದರ ಪದರವಾಗಿ ಹಾಕುವುದು. ಗಟ್ಟಿಯಾಗಿಸುವ ರಸ ಹೆಚ್ಚಾದರೆ ಕಾದು ಬಿರಿಯುತ್ತದೆ, ಕಡಿಮೆಯಾದರೆ ಅಂಟಂಟಾಗಿಯೇ ಉಳಿಯುತ್ತದೆ. ಇದು ಪಾಕದ ಹದವಲ್ಲದೆ ಮತ್ತೇನು? ಮೂಗು ಬಾಯಿಗೆ ಮಾಸ್ಕ್, ಕೈಗೆ ಗ್ಲೌಸ್ ಮಾತ್ರ ಮರೆಯಬಾರದು. ಗಾಜಿನ ಧೂಳು ಎದೆಗೂ ಚರ್ಮಕ್ಕೂ ಒಳ್ಳೆಯದಲ್ಲ.

ನನ್ನ ಮೇಲಿನ ಆಕ್ಷೇಪಗಳು ನನಗೆ ಗೊತ್ತಿಲ್ಲವೆಂದಲ್ಲ. "ಹಳೆ ಎಂಜಿನ್ ಹೊಳೆಗೆ ಎಣ್ಣೆ ಕಾರುತ್ತದೆ" ಎನ್ನುತ್ತಾನೆ ಅಣ್ಣನ ಮಗ. ನಿಜ. ಈ ಹಳೆಯ ಟೂ ಸ್ಟ್ರೋಕ್ ಎಂಜಿನ್ನುಗಳಲ್ಲಿ ಸುಮಾರು ಕಾಲು ಭಾಗದಷ್ಟು ಇಂಧನ ಉರಿಯದೆಯೇ ಹೊರಬೀಳುತ್ತದೆ. ಅದಕ್ಕೇ ನಾನು ತಿಂಗಳಿಗೊಮ್ಮೆ ಮಾತ್ರ ಓಡಿಸುತ್ತೇನೆ, ಕುರ್ವೆಯ ಒಳಹೊಳೆಗಳಲ್ಲಿ ಹುಟ್ಟು ಹಾಕುತ್ತೇನೆ. "ಮೂವತ್ತೈದು ವರ್ಷ ದಾಟಿತು, ಬಿಸಾಡಿ ಹೊಸದು ತರೋಣ" ಎನ್ನುತ್ತಾನೆ ಅಣ್ಣ. ಎಲ್ಲಿಗೆ ಬಿಸಾಡುವುದು? ಗುಜರಿಯವನು ಎಂಜಿನ್ ಒಯ್ದಾನು, ದೋಣಿಯನ್ನು ಕಾಲಿನಲ್ಲೂ ಮುಟ್ಟಲಾರ. ಮರವಾದರೆ ಮಣ್ಣಾಗುತ್ತಿತ್ತು, ಕಬ್ಬಿಣವಾದರೆ ಕರಗಿಸಬಹುದಿತ್ತು. ಒಮ್ಮೆ ಗಟ್ಟಿಯಾದ ಈ ಫೈಬರ್ ಮಣ್ಣೂ ಆಗದು, ಕರಗಲೂ ಕರಗದು. ಬಿಸಾಡಲಾಗದ್ದನ್ನು ಚೆನ್ನಾಗಿ ಇಟ್ಟುಕೊಳ್ಳುವುದೊಂದೇ ಮರ್ಯಾದೆಯ ದಾರಿ. ಅಮೆರಿಕದಲ್ಲಿ 1950ರ ದಶಕದ ಫೈಬರ್ ದೋಣಿಗಳನ್ನು, ಆ ಕಾಲದ ಕಾರುಗಳಂತೆ ಹಿಂದೆ ರೆಕ್ಕೆ ಮೂಡಿದವನ್ನು, ಹುಡುಕಿ ತಂದು ತಿದ್ದಿ ತೀಡಿ ನೀರಿಗಿಳಿಸುವ ಹವ್ಯಾಸಿಗಳೇ ಇದ್ದಾರೆ. ಅವರನ್ನು ರಸಿಕರೆನ್ನುತ್ತಾರೆ, ನನ್ನನ್ನು ಹಟಮಾರಿ ಎನ್ನುತ್ತಾರೆ.

ಆ ದೇಶದ್ದೇ ಒಂದು ಕಥೆ ಹೇಳುತ್ತೇನೆ. ವಿಸ್ಕಾನ್ಸಿನ್ನಿನ ಓಲೆ ಎವಿನ್‌ರೂಡ್ ಎಂಬಾತ ಪ್ರೇಯಸಿ ಬೆಸ್ ಐಸ್‌ಕ್ರೀಮ್ ಬೇಕೆಂದಳೆಂದು ಸರೋವರದಾಚೆಗೆ ಹುಟ್ಟು ಹಾಕಿಕೊಂಡು ಹೋದನಂತೆ. ಬರುವಷ್ಟರಲ್ಲಿ ಅದು ಕರಗಿತಂತೆ. ಹಾಗಾಗಿಯೇ ದೋಣಿಗೆ ತೂಗುಹಾಕುವ ಎಂಜಿನ್ ಮಾಡಿದನಂತೆ. 1909ರಿಂದ ಅದನ್ನು ಮಾರತೊಡಗಿದರು. ಎಲ್ಲರೂ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅವನನ್ನು ಮದುವೆಯಾದ ಆ ಬೆಸ್ ಎವಿನ್‌ರೂಡ್‌ಳೇ ಕಂಪನಿಯ ವ್ಯವಹಾರವನ್ನೆಲ್ಲ ನೋಡಿಕೊಂಡವಳು, ಹುಟ್ಟು ಬಿಡಿ ಎಂಜಿನ್ ಹಿಡಿಯಿರಿ ಎಂಬ ಜಾಹೀರಾತು ಬರೆದು ಊರೂರಿಗೆ ಮಾರಿದವಳು. ಅವರ ಹೆಸರಿನ ಎಂಜಿನ್ ತಯಾರಿಕೆ 2020ರಲ್ಲಿ ನಿಂತಿತು. ಐಸ್‌ಕ್ರೀಮಿನ ಕಥೆ ಮಾತ್ರ ನಿಂತಿಲ್ಲ. ಕೂತು ಕೇಳಿದ ಹೆಂಗಸು ಲೋಕಕ್ಕೆ ನೆನಪಿರುತ್ತಾಳೆ, ಎದ್ದು ಮಾಡಿದವಳು ಮರೆತುಹೋಗುತ್ತಾಳೆ.

ನೀವು ದೋಣಿ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಮನೆಯಲ್ಲಿ ಸ್ಕೂಟರ್ ಇದೆ, ಬಾವಿಯ ಪಂಪ್ ಇದೆ, ಗ್ಯಾಸ್ ಇದೆ, ಮೀಟರ್ ಬೋರ್ಡ್ ಇದೆ. ಅವುಗಳ ಸುಖ ನಿಮ್ಮದು, ಕೀಲಿ ಇನ್ನೊಬ್ಬರದು. ಜಾಗ ಕೊಟ್ಟಿದ್ದಾರಲ್ಲ, ಗಾಳಿ ಬೀಸುತ್ತಿದೆಯಲ್ಲ ಎಂದು ನಾವು ನಡುವೆ ಕೂತು ಖುಷಿಪಡುತ್ತೇವೆ. ಇಳಿತದ ನೀರು ನಮ್ಮ ಕೃತಜ್ಞತೆಯನ್ನು ನೋಡುವುದಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಎಲ್ಲರಿಗೂ ಗೊತ್ತು. ಕೈ ಕೆಸರಾಗುವುದರಲ್ಲೇ ಒಂದು ರುಚಿ ಇದೆಯೆಂದು ನನಗೆ ತಿಳಿದದ್ದು, ಮೊದಲ ಸಲ ನಾನೇ ಪ್ಲಗ್ ಉಜ್ಜಿ ಹಾಕಿ, ಹಗ್ಗ ಸೆಳೆದು, ಹಿಂದೆ ಆ ನೀರಿನ ಎಳೆ ಚಿಮ್ಮಿದ್ದನ್ನು ಕಂಡಾಗ.

ಕಳೆದ ಭಾನುವಾರ ಅತ್ತಿಗೆಯ ಮೊಮ್ಮಗಳು ದೋಣಿ ಹತ್ತಿದಳು. ಒಂಬತ್ತು ವರ್ಷದ ಹುಡುಗಿ. ಲೈಫ್ ಜಾಕೆಟ್ ಕಟ್ಟಿ ನಡುವೆ ಕೂರಿಸಿದೆ. ಹೊರಡುವ ಮೊದಲು ಹಲಗೆಯ ಕೆಳಗಿನ ಡಬ್ಬಿ ತೆಗೆದು ಅವಳ ತೊಡೆಯ ಮೇಲಿಟ್ಟೆ. "ಇದರಲ್ಲಿ ಏನಿದೆ ಅಜ್ಜಿ?" ಎಂದಳು.

"ತೆಗೆದು ನೋಡು" ಎಂದೆ.