ಮಾಸ್ಟರ್ ಫೇಡರ್ ನೋಡಿ ಮಿಕ್ಸರ್ ತಗೊಳ್ರಪ್ಪಾ!

ಹೊಸ ಮಿಕ್ಸರ್ ಕೊಳ್ಳೋಕೆ ಹೋದವರು ಅಂಗಡೀಲಿ ಕೇಳೋ ಮೊದಲನೇ ಪ್ರಶ್ನೆ "ಎಷ್ಟು ಚಾನೆಲ್?". ಎರಡನೇದು "ಬ್ಲೂಟೂತ್ ಇದೆಯಾ?". ಆಮೇಲೆ "ಹಲೋ ಹಲೋ ಮೈಕ್ ಟೆಸ್ಟಿಂಗ್" ಅಂತ ಎಕೋ ನೋಡ್ತಾರೆ, ದುಡ್ಡು ಕೊಟ್ಟು ಬರ್ತಾರೆ. ಬಲಗಡೆ ಕೊನೆಯಲ್ಲಿರೋ ಮಾಸ್ಟರ್ ಫೇಡರನ್ನ ಒಂದ್ಸಲ ಮೇಲೆ ಕೆಳಗೆ ಜಾರಿಸಿ ನೋಡೋರು ಕಡಿಮೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದೇ ಅದನ್ನ.

"ಇವನ್ಯಾಕೆ ಕೋಡ್ ಬರೆಯೋದು ಬಿಟ್ಟು ಮೈಕ್‌ಸೆಟ್ ಹಿಡ್ಕೊಂಡ" ಅನ್ಬೇಡಿ :) ನಮ್ಮ ಆಫೀಸಿನ ಭಾಷೆಯಲ್ಲಿ ಇದಕ್ಕೆ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಅಂತಾರೆ. ಒಂದು ಚಾನೆಲ್ ಕೆಟ್ರೆ ಮೈಕಿನ ವೈರ್ ಕಿತ್ತು ಪಕ್ಕದ ಚಾನೆಲ್‌ಗೆ ಹಾಕಬಹುದು. ಮಾಸ್ಟರ್ ಕೆಟ್ರೆ? ಹದಿನಾರು ಚಾನೆಲ್ ಇದ್ರೂ ಎಲ್ಲಾ ಸದ್ದು ಹೊರಗೆ ಬರಬೇಕಾದ್ದು ಆ ಒಂದೇ ಬಾಗಿಲಿಂದ.

ನಮ್ಮ ಭೇರ್ಯ, ಸಾಲಿಗ್ರಾಮದ ಕಡೆಯವರಿಗೆ 'ಕುರುಕ್ಷೇತ್ರ' ನಾಟಕ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಬೆಳಗ್ಗೆ ಗದ್ದೆ ಕೆಲಸ ಮಾಡೋರೇ ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಪದ್ಯ ಕಲೀತಾರೆ. ಪಾತ್ರಕ್ಕೆ ಕೈಯಿಂದಲೇ ದುಡ್ಡು ಕಟ್ತಾರೆ, ಸೀನರಿಗೆ, ಡ್ರೆಸ್ಸಿಗೆ ಬೇರೆ ಖರ್ಚು. ದುರ್ಯೋಧನ ಗದೆ ಹಿಡಿದು ಬಂದು ಕಂದ ಎತ್ತೋ ಹೊತ್ತಿಗೆ ಆಪರೇಟರ್ ಮಾಸ್ಟರ್ ಏರಿಸ್ತಾನೆ, "ಕರ್ರ್... ಕರ್ರ್..." ಪದ್ಯವೇ ಹೋಯ್ತು. ಆ ಮನುಷ್ಯನಿಗೆ ಮತ್ತೆ ಅವಕಾಶ ಮುಂದಿನ ವರ್ಷವೇ! ಒಂದು ಚಿಕ್ಕ ಬಿಡಿಭಾಗಕ್ಕೆ ಇಷ್ಟು ದೊಡ್ಡ ದಂಡ ಯಾಕೆ?

ಸರಿ, ಏನೇನು ನೋಡಬೇಕು? ಮೊದಲನೇದು ಉದ್ದ. ಸಾಮಾನ್ಯವಾಗಿ ಸಿಗೋದು 60 ಮಿಲಿಮೀಟರ್ ಮತ್ತು 100 ಮಿಲಿಮೀಟರ್ ಓಟದವು. 0 ಗುರುತಿನಿಂದ -10 ಡಿಬಿಗೆ ಇಳಿಯೋಕೆ ಒಟ್ಟು ಓಟದ ಹೆಚ್ಚುಕಡಿಮೆ ಕಾಲು ಭಾಗ ಬೇಕು ಅಂದ್ಕೊಳ್ಳಿ. ಚಿಕ್ಕದರಲ್ಲಿ ಅದು 15 ಮಿಲಿಮೀಟರ್, ದೊಡ್ಡದರಲ್ಲಿ 25. ಹತ್ತು ಡಿಬಿ ಅಂದ್ರೆ ಕಿವಿಗೆ ಸದ್ದು ಸುಮಾರು ಅರ್ಧ ಆದ ಹಾಗೆ. ಮೈಕ್ ಕೂಗು ಹಾಕೋ ಅಂಚಿನಲ್ಲಿ ಒಂದೇ ಡಿಬಿ ಇಳಿಸಬೇಕು ಅಂದ್ರೆ ಉದ್ದ ಇರೋದೇ ಕೈಗೆ ಹಿತ. ಹಾಗೇ, ಕೆಳಕ್ಕೆ ಹೋದಷ್ಟೂ ಗುರುತುಗಳು ಒತ್ತೊತ್ತಾಗಿರ್ತವೆ. ಮಾಸ್ಟರ್ ತಳದಲ್ಲಿ ಇಟ್ಕೊಂಡು ಆಂಪ್ಲಿಫೈಯರ್ ಪೂರ್ತಿ ತಿರುವಿದರೆ ಎಂಥಾ ಫೇಡರ್ ಇದ್ರೂ ದಂಡ. ಆಂಪ್ಲಿಫೈಯರ್ ತಗ್ಗಿಸಿ, ಮಾಸ್ಟರ್ 0 ಹತ್ತಿರ ಇರೋ ಹಾಗೆ ಮಾಡ್ಕೊಳ್ಳಿ.

ಎರಡನೇದು, ಒಂದಾ ಎರಡಾ? ಎಡ ಬಲ ಎರಡನ್ನೂ ಒಂದೇ ಗುಬ್ಬಿಗೆ ಕಟ್ಟಿರೋ ಸ್ಟೀರಿಯೋ ಫೇಡರ್ ನೋಡೋಕೆ ಚೆಂದ. ಅಗ್ಗದ್ದಾದ್ರೆ ಅರ್ಧ ಇಳಿಸಿದಾಗ ಒಂದು ಕಡೆ ಜೋರು, ಇನ್ನೊಂದು ಕಡೆ ಮೆಲ್ಲಗೆ ಆಗಬಹುದು. ನಮ್ಮ ಊರ ಬಯಲಿಗೆ ಎರಡು ಬೇರೆ ಬೇರೆ ಫೇಡರ್ ಇರೋದೇ ವಾಸಿ ಅಂತ ನನ್ನ ಹಠ. ಹಾರ್ಮೋನಿಯಂ, ಮಾತು, ಪದ್ಯ ಎಲ್ಲಾ ಹೇಗೂ ಎರಡೂ ಕಡೆ ಒಂದೇ ಸದ್ದು. ಒಂದು ಫೇಡರಿಗೆ ಸ್ಟೇಜಿನ ಮುಂದಿನ ಬಾಕ್ಸು, ಇನ್ನೊಂದಕ್ಕೆ ದೂರದ ಹಾರ್ನು ಕೊಟ್ಟರೆ ಬೇಕಾದ್ದನ್ನ ಮಾತ್ರ ಇಳಿಸಬಹುದು.

ಮೂರನೇದು ಒಳಗಿನ ಪಟ್ಟಿ. ಮಾಮೂಲಿ ಕಾರ್ಬನ್ ಪಟ್ಟಿ ಬೇಗ ಸವೆಯುತ್ತೆ, ಕಂಡಕ್ಟಿವ್ ಪ್ಲಾಸ್ಟಿಕ್ ಹೆಚ್ಚು ಬಾಳುತ್ತೆ. ಸ್ಟುಡಿಯೋದವರು ಪೆನ್ನಿ ಆಂಡ್ ಗೈಲ್ಸ್ ಫೇಡರಿನ ಹೆಸರು ಹೇಳ್ತಿದ್ದಿದ್ದು ಸುಮ್ಮನೆ ಅಲ್ಲ. ಆದ್ರೆ ಎಂಥದ್ದಾದ್ರೂ ನಮ್ಮ ಜಾತ್ರೆ ಧೂಳಿಗೆ ಒಂದಿನ ಕರಗುಟ್ಟೇ ಗುಟ್ಟುತ್ತೆ. ಆಗ ಸಿಕ್ಕಿದ ಸ್ಪ್ರೇ ಹೊಡೀಬೇಡಿ, ಒಳಗಿನ ಗ್ರೀಸ್ ತೊಳೆದುಹೋಗುತ್ತೆ. ಫೇಡರಿಗೆ ಅಂತಲೇ ಇರೋದನ್ನ ತನ್ನಿ.

ಹಾಗಾಗಿ ಕೊನೇ ಪ್ರಶ್ನೆಯೇ ದೊಡ್ಡದು: ಬದಲಿ ಸಿಗುತ್ತಾ? ಕೊಳ್ಳುವಾಗಲೇ ಕೇಳಿ, ಆದ್ರೆ ಒಂದು ಹೆಚ್ಚಿಗೆ ತಗೊಂಡು ಡಬ್ಬೀಲಿ ಇಟ್ಕೊಳ್ಳಿ. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಹುಡುಕೋದಾದ್ರೂ ಓಟದ ಉದ್ದ, ಎಷ್ಟು ಓಮ್, ಲಾಗ್ ಅಥವಾ ಲೀನಿಯರ್, ಒಂಟಿ ಅಥವಾ ಜೋಡಿ, ಪಿನ್ನುಗಳ ಅಂತರ ಇಷ್ಟು ಬರ್ಕೊಂಡು ಹೋಗಬೇಕು. ಇಲ್ಲದಿದ್ರೆ ಬರಿಗೈಲಿ ವಾಪಸ್.

"ಡಿಜಿಟಲ್ ತಗೊಂಡ್ರೆ ಆಯ್ತಲ್ಲ?" ಅನ್ನೋರಿದ್ದಾರೆ. ಅಲ್ಲಿ ಫೇಡರ್ ಮೂಲಕ ಸದ್ದೇ ಹರಿಯಲ್ಲ, ಅದು ಎಲ್ಲಿ ನಿಂತಿದೆ ಅನ್ನೋ ಲೆಕ್ಕ ಮಾತ್ರ. ಕರಕರ ಇಲ್ಲ, ನಿಜ. ಆದ್ರೆ ಸವೆದರೆ ಲೆಕ್ಕವೇ ಕುಣಿಯುತ್ತೆ. ಇನ್ನು ಫೇಡರೇ ಇಲ್ಲದ, ಟ್ಯಾಬ್ಲೆಟ್ಟಲ್ಲಿ ಬೆರಳಾಡಿಸೋ ಮಿಕ್ಸರ್ ಬಯಲು ನಾಟಕಕ್ಕೆ ಬೇಡವೇ ಬೇಡ. ಮೈಕ್ ಕೂಗು ಹಾಕಿದಾಗ ಕಣ್ಣು ಸ್ಟೇಜಿನ ಮೇಲಿರಬೇಕು, ಕೈ ತಾನಾಗೇ ಮಾಸ್ಟರ್ ಹುಡುಕ್ಕೊಂಡು ಹೋಗಬೇಕು. ಮಂಜು ಬಿದ್ದು ಒದ್ದೆಯಾದ ಗಾಜಿನ ಮೇಲೆ ಅದು ಆಗೋ ಮಾತಲ್ಲ.

ಇನ್ನೊಂದು ಮಾತು. ಮಾಸ್ಟರ್ ಇರೋದು ಏರಿಸೋಕೆ ಮಾತ್ರ ಅಲ್ಲ ಸ್ವಾಮಿ, ಇಳಿಸೋಕೂ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮ ಅಂತ ಸರ್ಕಾರ ಮಧ್ಯರಾತ್ರಿವರೆಗೆ ವಿನಾಯಿತಿ ಕೊಡಬಹುದು, ಅದೂ ವರ್ಷಕ್ಕೆ ಹದಿನೈದು ದಿನ ಮೀರದ ಹಾಗೆ. ಪರೀಕ್ಷೆಗೆ ಓದೋ ಮಕ್ಕಳು, ಹಾಸಿಗೆ ಹಿಡಿದ ಅಜ್ಜಿ ಅದೇ ಬೀದಿಯಲ್ಲೇ ಇರ್ತಾರೆ. ನಯವಾಗಿ ಇಳಿಯೋ ಫೇಡರ್ ಇದ್ರೆ ಇಳಿಸೋ ಮನಸ್ಸೂ ಬರುತ್ತೆ. ಮುಟ್ಟಿದ್ರೆ ಕರ್ರ್ ಅನ್ನೋದನ್ನ ಆಪರೇಟರ್ ಏರಿಸಿದಲ್ಲೇ ಬಿಟ್ಟುಬಿಡ್ತಾನೆ.

ಊರವರ ಚಂದಾ ದುಡ್ಡಲ್ಲಿ ಮಿಕ್ಸರ್ ತರೋ ಸಂಘದವರಿಗೆ ನನ್ನ ಸಲಹೆ ಇಷ್ಟೇ: ನಾಲ್ಕು ಚಾನೆಲ್ ಕಮ್ಮಿ ಆದ್ರೂ ಪರವಾಗಿಲ್ಲ, ಮಾಸ್ಟರ್ ಒಳ್ಳೇದಿರಲಿ. ನಿಮ್ಮ ಕಡೆ ಹಬ್ಬ, ನಾಟಕಗಳಲ್ಲಿ ಮಿಕ್ಸರ್ ಹಿಂದೆ ಕೂತವರು ಯಾರಾದ್ರೂ ಇದ್ರೆ ಹೇಳಿ, ಒಂದು ಫೇಡರ್ ಪಕ್ಷವೋ, ಎರಡು ಫೇಡರ್ ಪಕ್ಷವೋ? ಜಗಳಕ್ಕೆ ನಾನು ರೆಡಿ :)