ಬಿದ್ದಲ್ಲಿಂದಲೇ ಏಳುವ ವಿದ್ಯೆ



"ಗಂಡಸಿನ ಬಲದ ಮುಂದೆ ನಾನೇನು ಮಾಡಲಿ?" ಹೊಡೆತ ಬಡಿತದ ವಿಷಯ ಬಂದಾಗಲೆಲ್ಲ ಸಂಘದ ಸಭೆಗಳಲ್ಲಿ ಕೇಳಿಬರುವ ಮಾತಿದು. ಹೆಣ್ಣು ಹುಟ್ಟಿನಿಂದಲೇ ಅಬಲೆ ಎಂದು ನಮ್ಮನ್ನು ನಂಬಿಸಲಾಗಿದೆ. ಆ ನಂಬಿಕೆಯನ್ನೇ ಪ್ರಶ್ನಿಸುವ ಒಂದು ಕುಸ್ತಿವಿದ್ಯೆ ಇದೆ. ಅದೇ ಬ್ರೆಜಿಲಿಯನ್ ಜಿಯು-ಜಿಟ್ಸು.

1914ರಲ್ಲಿ ಬ್ರೆಜಿಲಿಗೆ ಬಂದ ಜಪಾನಿನ ಜೂಡೋ ಪಟು ಮಿತ್ಸುಯೊ ಮಯೇಡ ಅವರಿಂದ ಕಾರ್ಲೋಸ್ ಗ್ರೇಸಿ ಈ ವಿದ್ಯೆ ಕಲಿತರು. ಕಾರ್ಲೋಸರ ತಮ್ಮ ಹೀಲಿಯೊ ತೆಳ್ಳಗಿನ ಮೈಕಟ್ಟಿನವರು. ಬಲಕ್ಕಿಂತ ಸನ್ನೆಕೋಲಿನ ಯುಕ್ತಿಗೆ ಒತ್ತು ಕೊಟ್ಟವರು. 1990ರಲ್ಲಿ ಇವೋನ್ ದುವಾರ್ಟೆ ಕಪ್ಪು ಪಟ್ಟಿ ಪಡೆದರು. ಈ ವಿದ್ಯೆಯಲ್ಲಿ ಆ ಪಟ್ಟಿ ಗಳಿಸಿದ ಮೊದಲ ಮಹಿಳೆ ಅವರೆಂದು ಗುರುತಿಸಲಾಗಿದೆ. ಜುಜುತ್ಸುವಿಗೂ ಮಹಿಳಾ ಚಳವಳಿಗೂ ಹಳೆಯ ನಂಟಿದೆ: 1913ರ ಸುಮಾರಿಗೆ ಲಂಡನ್ನಿನಲ್ಲಿ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಹೆಂಗಸರ ಅಂಗರಕ್ಷಕ ಪಡೆಗೆ ಐದಡಿಯೂ ಎತ್ತರವಿಲ್ಲದ ಎಡಿತ್ ಗ್ಯಾರಡ್ ಅದನ್ನು ಕಲಿಸಿದ್ದರು.

ಹೊಸಬಳಿಗೆ ಇಲ್ಲಿ ಮೊದಲು ಕಲಿಸುವುದು ಹೊಡೆಯುವುದನ್ನಲ್ಲ, ಕೆಳಗೆ ಬಿದ್ದಾಗ ತಪ್ಪಿಸಿಕೊಳ್ಳುವುದನ್ನು. ಎದುರಾಳಿ ಹೊಟ್ಟೆಯ ಮೇಲೆ ಕೂತಿದ್ದಾನೆ ಎನ್ನಿ. ಅವನನ್ನು ಕೈಯಿಂದ ತಳ್ಳಿದರೆ ಸುಸ್ತಾಗುವುದು ನಮಗೇ. ಅವನ ಒಂದು ಕೈಯನ್ನೂ ಅದೇ ಬದಿಯ ಕಾಲನ್ನೂ ಸಿಕ್ಕಿಸಿ ಹಿಡಿದು, ಸೊಂಟವನ್ನು ಮೇಲೆತ್ತಿ ಆ ಬದಿಗೆ ಉರುಳಿದರೆ, ಆನಿಕೆ ತಪ್ಪಿದ ಅವನೂ ಉರುಳುತ್ತಾನೆ. ಇದು ಒಂದೇ ದಿನಕ್ಕೆ ಒಲಿಯುವುದಿಲ್ಲ. ತಿಂಗಳುಗಟ್ಟಲೆ ಸೋಲುತ್ತಲೇ ಕಲಿಯಬೇಕು. ಗಾಬರಿಯಾಗದೆ ಉಸಿರಾಡುವುದು, ಮೊದಲು ಒಂದಿಷ್ಟು ಜಾಗ ಮಾಡಿಕೊಳ್ಳುವುದು, ಆಮೇಲೆ ಮುಂದಿನ ಹೆಜ್ಜೆ: ಇದೇ ಅದರ ಮನೋಧರ್ಮ.

ಅಭ್ಯಾಸದ ಚಾಪೆಯ ಮೇಲೆ ಇನ್ನೊಂದು ನಿಯಮವಿದೆ. ಕೆಳಗಿದ್ದವರು ಎರಡು ಬಾರಿ ತಟ್ಟಿದರೆ, ಮೇಲಿದ್ದವರು ಎಷ್ಟೇ ಬಲಶಾಲಿಯಾಗಿರಲಿ, ಆ ಕ್ಷಣವೇ ಬಿಡಬೇಕು. ತಟ್ಟುವುದು ಅವಮಾನವಲ್ಲ. ನಮ್ಮ ಮನೆಗಳಲ್ಲಿ "ಸಾಕು, ಬಿಡಿ" ಎಂಬ ಹೆಣ್ಣಿನ ಮಾತಿಗೆ ಈ ಬೆಲೆ ಎಂದು ಬಂದೀತು?

ಹಾಗೆಂದು ಪಟ್ಟು ಕಲಿತರೆ ದೌರ್ಜನ್ಯ ನಿಲ್ಲುತ್ತದೆ ಎಂದು ನಾವು ಹೇಳುತ್ತಿಲ್ಲ. ಸೀಮೆಎಣ್ಣೆ, ಮಚ್ಚು, ಅತ್ತೆಮನೆಯವರ ಒಗ್ಗಟ್ಟು ಇವುಗಳ ಎದುರು ಒಂಟಿ ಹೆಣ್ಣಿಗೆ ಓಡಿ ಪಾರಾಗುವುದೇ ಜಾಣತನ. ಕುತ್ತಿಗೆ ಹಿಸುಕಿದರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪಬಹುದು. ಒಮ್ಮೆ ಹಿಸುಕಿದವನು ಮುಂದೆ ಕೊಲ್ಲುವ ಅಪಾಯ ಹಲವು ಪಟ್ಟು ಹೆಚ್ಚು. ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಿ, ದಾಖಲಿಸಿ. "ನೀನೇಕೆ ತಿರುಗಿ ಬೀಳಲಿಲ್ಲ?" ಎಂದು ಏಟು ತಿಂದವಳನ್ನು ಯಾರೂ ಕೇಳಕೂಡದು. ಕೇಳಬೇಕಾದ ಪ್ರಶ್ನೆ ಹೊಡೆದವನಿಗೆ.

ಪ್ರಾಣ ಉಳಿಸಿಕೊಳ್ಳಲು ಅಗತ್ಯವಿದ್ದಷ್ಟು ಬಲ ಬಳಸುವ ಹಕ್ಕನ್ನು ಕಾನೂನು ಒಪ್ಪುತ್ತದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ರಕ್ಷಣಾ ಆದೇಶವನ್ನೂ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕೊಡುತ್ತದೆ. ಹಳೆಯ 498ಎ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಿವೆ. ಸಹಾಯವಾಣಿ 181, ತುರ್ತಿಗೆ 112.

ನುರಿತ ತರಬೇತುದಾರರು ಸಿಕ್ಕಲ್ಲಿ ನಾವೂ ಕಲಿಯೋಣ, ಹೆಣ್ಣುಮಕ್ಕಳಿಗೂ ಕಲಿಸೋಣ. ಸಿಗದ ಊರಿನಲ್ಲಿ ಕನಿಷ್ಠ ಇಷ್ಟಾದರೂ ಮಾಡೋಣ: ನಡುರಾತ್ರಿ ಓಡಿಬಂದವಳಿಗೆ ಬಾಗಿಲು ತೆರೆಯುವ ಮನೆ ಯಾವುದು, ಠಾಣೆಗೆ ಜೊತೆಗೆ ಹೋಗುವವರು ಯಾರು ಎಂದು ಮುಂದಿನ ಸಭೆಯಲ್ಲೇ ಹೆಸರು ಹಿಡಿದು ತೀರ್ಮಾನಿಸೋಣ. ಬಿದ್ದವಳು ಏಳುವುದಕ್ಕೆ ಯುಕ್ತಿಯೂ ಬೇಕು, ಹಿಡಿದೆತ್ತುವ ಕೈಗಳೂ ಬೇಕು.