ರೇಡಿಯೋದಲ್ಲಿ ನಮ್ಮೂರ ಸುದ್ದಿ ಯಾಕಿಲ್ಲ?

ಕಳೆದ ಮಳೆಗಾಲದ ಒಂದು ಬೆಳಿಗ್ಗೆ. ಮೂರು ದಿನದಿಂದ ಕರೆಂಟಿಲ್ಲ, ಮೊಬೈಲು ಸತ್ತು ಬಿದ್ದಿತ್ತು. ಸೆಲ್ಲು ಹಾಕಿದ ರೇಡಿಯೋವೇ ಗತಿ. ಪ್ರದೇಶ ಸಮಾಚಾರ ಪೂರಾ ಕೇಳಿ, ಬಾಳೆಗೊನೆ ಹೇರಿದ ಪಿಕಪ್ ಕಳಿಸಿದೆ. ಆರು ಕಿಲೋಮೀಟರ್ ಆಚೆ ಸೇತುವೆ ಮೇಲೆ ನೀರು. ಗಾಡಿ ತಿರುಗಿ ಬಂತು, ಬಾಡಿಗೆ ದಂಡ. ರಾಜಧಾನಿಯಲ್ಲಿ ಯಾವ ಮಂತ್ರಿ ಏನು ಹೇಳಿದರೆಂದು ನನಗೆ ಗೊತ್ತಾಗಿತ್ತು. ಸೇತುವೆ ಮುಳುಗಿದ್ದು ಗೊತ್ತಾಗಲಿಲ್ಲ.

ಅದೇ ದಿನ ಸಂಜೆ ಕೃಷಿ ಕಾರ್ಯಕ್ರಮದಲ್ಲಿ ಅಡಿಕೆ ಕೊಳೆರೋಗದ ಬಗ್ಗೆ ಭಾಷಣ. ಯಾವಾಗಲೋ ಧ್ವನಿಮುದ್ರಿಸಿ ಇಟ್ಟದ್ದಿರಬೇಕು. ಶೇ. 1ರ ಬೋರ್ಡೋ ದ್ರಾವಣ, ಮಳೆ ಹಿಡಿಯುವ ಮೊದಲೊಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ - ಇದು ಅಪ್ಪನ ಕಾಲದಿಂದ ಗೊತ್ತಿದ್ದದ್ದೇ. ನಮಗೆ ಬೇಕಾದ್ದು, ನಾಳೆ ನಾಡಿದ್ದರಲ್ಲಿ ಮದ್ದು ಬಿಡಲು ಒಂದು ಹೊಳವು ಸಿಕ್ಕೀತೇ ಅಂತ.

ರೇಡಿಯೋ ಬೇಡವೆಂದು ನಾನು ಹೇಳುತ್ತಿಲ್ಲ. ಮಂಗಳೂರು ನಿಲಯದ ತುಳು, ಕೊಂಕಣಿ ಕಾರ್ಯಕ್ರಮ, ಮಡಿಕೇರಿಯ ಕೊಡವ, ಅರೆಭಾಷೆ ಕಾರ್ಯಕ್ರಮ ಬೇರೆ ಯಾರು ಕೊಟ್ಟಾರು? ಅಡಿಕೆ ಸುಲಿಯುತ್ತಾ ತಾಳಮದ್ದಳೆ ಕೇಳುವ ಸುಖ ಟಿ.ವಿ.ಯಲ್ಲಿಲ್ಲ. ಕಣ್ಣು ಕೆಲಸದ ಮೇಲೇ ಇರಬೇಕಲ್ಲ! 1935ರಲ್ಲಿ ಮೈಸೂರಿನ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದವರು. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆ ಹೋದದ್ದು ಅಲ್ಲಿಂದ. 1990ರ ದಶಕದಲ್ಲಿ ಹಾಸನ, ಮಡಿಕೇರಿ, ಚಿತ್ರದುರ್ಗಗಳಲ್ಲಿ ಸ್ಥಳೀಯ ನಿಲಯ ಬಂದದ್ದೂ ಆಯಾ ಜಿಲ್ಲೆಯ ಮಾತು ಆಯಾ ಜಿಲ್ಲೆಗೆ ಕೇಳಲಿ ಎಂದೇ. ಕಲೆ, ಭಾಷೆಯ ಮಟ್ಟಿಗೆ ಅದು ನಡೆದಿದೆ. ಸುದ್ದಿ ಮಾತ್ರ ದೂರದಲ್ಲೇ ತಯಾರಾಗುತ್ತದೆ.

ಸಮುದಾಯ ಬಾನುಲಿ ಇದೆಯಲ್ಲ ಎನ್ನಬಹುದು. ಕೋಲಾರ ಜಿಲ್ಲೆಯ ಬೂದಿಕೋಟೆಯವರು 2003ರಲ್ಲಿ 'ನಮ್ಮ ಧ್ವನಿ' ಮಾಡಿದರು. ಆಗ ಹಳ್ಳಿಯವರಿಗೆ ಪರವಾನಗಿಯೇ ಸಿಗುತ್ತಿರಲಿಲ್ಲ, ಕೇಬಲ್ ತಂತಿಯಲ್ಲೇ ಮನೆಮನೆಗೆ ದನಿ ಮುಟ್ಟಿಸಿದ್ದರು. 2006ರಲ್ಲಿ ಕೇಂದ್ರ ಸರಕಾರ ಸಂಘ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ಆದರೆ ಸ್ವಂತ ಸುದ್ದಿ ಓದುವ ಹಾಗಿಲ್ಲ. ಸಾಮರ್ಥ್ಯ 100 ವಾಟ್ಸ್. ಬಯಲುಸೀಮೆಯಲ್ಲಿ ಹತ್ತಾರು ಕಿಲೋಮೀಟರ್ ಹೋದೀತು, ನಮ್ಮ ಗುಡ್ಡ ಕಣಿವೆಯಲ್ಲಿ ಮೊದಲ ಗುಡ್ಡಕ್ಕೇ ಮುಗಿಯಿತು. ಹಾಗಾಗಿ ದೊಡ್ಡ ಗೋಪುರ ಇರುವ ಆಕಾಶವಾಣಿಯನ್ನೇ ಕೇಳಬೇಕಾಗಿದೆ.

ಕೇಳುವುದು ಹೆಚ್ಚೇನಲ್ಲ. ದಿನಕ್ಕೆ ಹದಿನೈದು ನಿಮಿಷ. ಎಲ್ಲಿ ರಸ್ತೆ ಕಡಿದಿದೆ, ಯಾವ ಸಂತೆ ಇಲ್ಲ, ಯಾವ ಊರಲ್ಲಿ ಬೀಜ ವಿನಿಮಯ, ಎಲ್ಲಿ ಯಕ್ಷಗಾನ, ಪಶು ಆಸ್ಪತ್ರೆಗೆ ಡಾಕ್ಟ್ರು ಬಂದರೋ ಇಲ್ಲವೋ. ಇದಕ್ಕೆ ಸ್ಟುಡಿಯೋ ಭಾಷೆ ಬೇಡ, ಊರಿನವನೇ ಫೋನಿನಲ್ಲಿ ಹೇಳಿದರೆ ಸಾಕು. ಸುಳ್ಳು ಸುದ್ದಿ ಬಂದೀತೆಂಬ ಭಯ ನಿಲಯದವರಿಗಿರಬಹುದು. ಪಂಚಾಯತಿಗೋ ಸಹಕಾರಿ ಸಂಘಕ್ಕೋ ಒಂದು ಫೋನು ಮಾಡಿ ಖಾತ್ರಿ ಮಾಡಿಕೊಳ್ಳಲಿ. ವಾಟ್ಸಾಪಿನಲ್ಲಿ ಬರುವ 'ಸೇತುವೆ ಕುಸಿತ'ಕ್ಕಿಂತ, ಹೋದ ವರ್ಷದ ಫೋಟೋವೂ ಸೇರಿ, ಅದು ಎಷ್ಟೋ ನಂಬಿಗಸ್ತ. ಕೃಷಿಕರೇ ಬರೆದು ಪತ್ರಿಕೆ ನಡೆಸಬಹುದಾದರೆ, ಕೃಷಿಕರೇ ಮಾತಾಡಿ ಹದಿನೈದು ನಿಮಿಷ ತುಂಬಿಸಲಾಗದೇ?

ತಪ್ಪು ನಮ್ಮದೂ ಇದೆ. ನಿಲಯಕ್ಕೆ ಒಂದು ಕಾರ್ಡು ಬರೆಯುವವರು ಎಷ್ಟು ಮಂದಿ? ಚಿತ್ರಗೀತೆ ಕೋರಿ ಬರೆದಷ್ಟೂ ಇದಕ್ಕೆ ಬರೆದಿಲ್ಲ. ನಮ್ಮ ಸಂಘದ ಮುಂದಿನ ತಿಂಗಳ ಗೆಡ್ಡೆ ಗೆಣಸು ಮೇಳದ ವಿವರವನ್ನು ಮೊನ್ನೆ ನಿಲಯಕ್ಕೆ ಕಳಿಸಿದ್ದೇನೆ, ಜೊತೆಗೆ ಸೇತುವೆಯ ಕಥೆಯನ್ನೂ. ಇನ್ನೂ ಉತ್ತರ ಬಂದಿಲ್ಲ. ಹತ್ತು ಊರಿನಿಂದ ಹೀಗೇ ಹೋದರೆ ಬಂದೀತೋ ಏನೋ.